ಮೊಂಡು ಕೊಡಲಿಗೆ ಸಾಣೆಯ ಭಾಗ್ಯ

"ಇನ್ನು ಮೇಲೆ ಈ ಮನೆಯಲ್ಲಿ ಮೊಂಡಾದ ಪದಾರ್ಥ ಒಂದೂ ಉಳಿಯತಕ್ಕದ್ದಲ್ಲ" ಎಂದು ಕಂದಿಕೆರೆಯ ಸದಾಶಿವಯ್ಯನವರು ಶನಿವಾರ ಬೆಳಗ್ಗೆ ಶಿವಪೂಜೆ ಮುಗಿಸಿ, ಹಣೆಯ ಮೇಲಿನ ವಿಭೂತಿ ಆರುವ ಮೊದಲೇ, ಘೋಷಿಸಿದರು. ಘೋಷಣೆಗೆ ಕಿವಿಗೊಟ್ಟ ಜೀವಗಳು ಎರಡು. ಒಂದು, ಅಂಗಳದಲ್ಲಿ ಮೆಲುಕು ಹಾಕುತ್ತ ಮಲಗಿದ್ದ ಹಸು. ಇನ್ನೊಂದು, ಜಗುಲಿಯ ಮೇಲೆ ಕಾಫಿ ಲೋಟ ಹಿಡಿದು ಕುಳಿತಿದ್ದ ಆಪ್ತಮಿತ್ರ ತೋಂಟದಾರ್ಯ. ಹಸು ಕಿವಿಯಾಡಿಸಿತು. ತೋಂಟದಾರ್ಯನು "ಹೌದೌದು" ಎಂದನು. ಸದಾಶಿವಯ್ಯನವರು ಯಾವ ಮಾತನ್ನಾಡಿದರೂ ಹೌದೌದು ಎನ್ನುವುದೇ ತೋಂಟದಾರ್ಯನ ಜೀವನವ್ರತವಾಗಿತ್ತು. ಈ ವ್ರತಕ್ಕೆ ಅವನು ಇದುವರೆಗೆ ಭಂಗ ತಂದುಕೊಂಡವನಲ್ಲ.

ಸದಾಶಿವಯ್ಯನವರನ್ನು ಅರಿಯದವರು ಆ ಸೀಮೆಯಲ್ಲಿ ಕಡಿಮೆ. ಚಿಕ್ಕನಾಯಕನಹಳ್ಳಿಯಲ್ಲಿ ಬಹುಕಾಲ ಬಟ್ಟೆ ಅಂಗಡಿ ನಡೆಸಿ, ಅದನ್ನು ಅಳಿಯ ಜ್ಞಾನೇಶನ ಕೈಗಿತ್ತು, ಈಗ ಪೂರ್ಣಾವಧಿ ಪ್ರವಚನಕ್ಕೆ ನಿಂತವರು. ಸೋಮವಾರ ಸಂಜೆಯಾದರೆ ಊರಿನ ಮಠದಲ್ಲಿ ಅವರ ಮಾತು ಇರಲೇಬೇಕು. ಅದರಲ್ಲೂ ಅವರ ‘ಕೊಬ್ಬರಿ ಪ್ರವಚನ’ಕ್ಕೆ ತಿಪಟೂರು, ತುರುವೇಕೆರೆಗಳಿಂದಲೂ ಕರೆ ಬರುತ್ತಿತ್ತು. "ಅಟ್ಟದ ಮೇಲಿನ ತೆಂಗಿನಕಾಯಿಯನ್ನು ನೋಡಿ, ತಂದೆತಾಯಿಗಳೇ" ಎಂದು ಅವರು ಆರಂಭಿಸುವರು. "ಹಸಿಯಿದ್ದಾಗ ತಿರುಳು ಕರಟವನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಕತ್ತಲಲ್ಲಿ, ಹೊಗೆಯಲ್ಲಿ, ಯಾರ ಕಣ್ಣಿಗೂ ಬೀಳದೆ ವರ್ಷದುದ್ದಕ್ಕೂ ತಪಸ್ಸು ಮಾಡಿ, ಒಳಗಿನ ನೀರೆಲ್ಲ ಇಂಗಿಹೋದ ಮೇಲೆ, ಅದೇ ತಿರುಳು ಕರಟದ ಸಂಗ ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಆಮೇಲೆ ಏಟು ಬೀಳುವುದೆಲ್ಲ ಕರಟಕ್ಕೆ. ಉಂಡೆಗೆ ಅದರ ಸುದ್ದಿಯೇ ತಿಳಿಯದು. ಮನುಷ್ಯನೂ ತನ್ನ ದೇಹದೊಳಗೆ ಹೀಗೆ ಲೊಟಲೊಟ ಎನ್ನಬೇಕು." ಈ ಕಡೆಯ ವಾಕ್ಯ ಬಂದಾಗ ವೃದ್ಧರು ಕಣ್ಣೊರೆಸಿಕೊಳ್ಳುವರು. ಸದಾಶಿವಯ್ಯನವರ ಕಣ್ಣೂ ಒದ್ದೆಯಾಗುವುದು. ಅದು ನಟನೆಯಲ್ಲ, ಅವರ ಹೃದಯ ನಿಜವಾಗಿಯೂ ಮೃದುವಾದದ್ದು.

ಇಷ್ಟಾಗಿಯೂ ಅವರು ತಮ್ಮ ಜೀವಮಾನದಲ್ಲಿ ಒಂದೇ ಒಂದು ಕೊಬ್ಬರಿಯನ್ನು ಒಡೆದವರಲ್ಲ. ಕೊಬ್ಬರಿ ಒಡೆಯುವ ದಿನ ಬಂತೆಂದರೆ ಅವರಿಗೆ ಎಲ್ಲಿಂದಲೋ ಪ್ರವಚನದ ಕರೆಯೂ ಬಂದಿರುತ್ತಿತ್ತು. ಶಿವನ ಸಂಕಲ್ಪ ಎಂದು ಅವರು ಹೆಗಲ ಮೇಲೆ ವಸ್ತ್ರ ಹೊದ್ದು ಹೊರಡುವರು. ಮನೆಯಲ್ಲಿ ಧರ್ಮಪತ್ನಿ ಸಿದ್ದಗಂಗಮ್ಮನವರು ಸೆರಗು ಸಿಕ್ಕಿಸಿ ಒಡೆಯಲು ಕೂರುವರು. ಸಿದ್ದಗಂಗಮ್ಮನವರು ಒಡೆದ ಕೊಬ್ಬರಿಯಲ್ಲಿ ಒಂದು ಗೀರು ಕಂಡವರು ಕಂದಿಕೆರೆಯಲ್ಲೇ ಇಲ್ಲ. ಅವರ ಮಡಿಲಿಗೆ ಉರುಳುವ ಉಂಡೆಗಳು ಆಗತಾನೇ ಹುಟ್ಟಿದ ಕೂಸುಗಳ ತಲೆಯಂತೆ ನುಣುಪಾಗಿ, ಇಡಿಯಾಗಿ ಇರುತ್ತಿದ್ದವು.

ಈ ಕೀರ್ತಿ ಈಗ ಒಂದು ಹರಕೆಯಲ್ಲಿ ಸಿಕ್ಕಿಕೊಂಡಿತ್ತು. ಮಗಳು ಇಂಪನಾಳ ಹೆರಿಗೆ ಕಷ್ಟದಲ್ಲಿ ನಿಂತಾಗ ಸಿದ್ದಗಂಗಮ್ಮನವರು ಮನಸ್ಸಿನಲ್ಲೇ ಗುರುಗಳನ್ನು ನೆನೆದು ಹೇಳಿಕೊಂಡಿದ್ದರು. ಮಗಳೂ ಮಗುವೂ ಕ್ಷೇಮವಾಗಿ ಮನೆಗೆ ಬಂದರೆ, ತಮ್ಮ ತಾಯಿ ಕೊಟ್ಟ ಕೈಗೊಡಲಿಯಿಂದಲೇ ಒಡೆದ, ಗೀರಿಲ್ಲದ ಉಂಡೆ ಕೊಬ್ಬರಿಯ ಹಾರವನ್ನು ಗುರುಗಳ ಕೊರಳಿಗೆ ಅರ್ಪಿಸುವುದಾಗಿ. ಶಿವಕೃಪೆಯಿಂದ ಇಬ್ಬರೂ ಸುಖವಾಗಿದ್ದರು. ಗುರುಗಳು ಬರುವ ಸೋಮವಾರ ಊರಿನ ಮಠಕ್ಕೆ ದಯಮಾಡಿಸುವವರಿದ್ದರು. ಅಟ್ಟದ ಕಾಯಿಗಳನ್ನೆಲ್ಲ ಒಂದೊಂದಾಗಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಲೊಟಲೊಟ ಎಂದು ಒಪ್ಪವಾಗಿ ನುಡಿದವನ್ನು ಮಾತ್ರ ಆರಿಸಿ, ಮಟ್ಟೆ ಸುಲಿಸಿ, ಬುಟ್ಟಿಯಲ್ಲಿ ತುಂಬಿಟ್ಟು, ಸಿದ್ದಗಂಗಮ್ಮನವರು ಮಗಳನ್ನೂ ಮೊಮ್ಮಗುವನ್ನೂ ತಂಗಿಯ ಮನೆಯವರಿಗೆ ತೋರಿಸಿಕೊಂಡು ಬರಲು ಹುಳಿಯಾರಿಗೆ ಹೋಗಿದ್ದರು. ಅಟ್ಟದಲ್ಲಿ ಉಳಿದ ಕಾಯಿಗಳಲ್ಲಿ ಇನ್ನೂ ನೀರಿತ್ತು. ಅಂದರೆ, ಹಾರಕ್ಕೆ ಇದ್ದದ್ದು ಆ ಬುಟ್ಟಿಯೊಂದೇ. ಹೊರಡುವಾಗ ಗಂಡನಿಗೆ ಅವರು ಹಸುವಿನ ವಿಚಾರ ಹೇಳಿದರು, ಹಾಲಿಗೆ ಹೆಪ್ಪು ಹಾಕುವ ವಿಚಾರ ಹೇಳಿದರು, ಕಡೆಗೆ ಬಸ್ಸು ಹತ್ತುವಾಗ ತಿರುಗಿ ನೋಡಿ, "ಅಟ್ಟದ ಏಣಿ ಪಕ್ಕದ ಗೂಡಿನ ತಂಟೆಗೆ ಮಾತ್ರ ಹೋಗ್ಬೇಡಿ ಕಣ್ರೀ" ಎಂದರು.

ಬೇಡವೆಂದ ಗೂಡಿನಲ್ಲಿ ಏನಿರಬಹುದೆಂಬ ಪ್ರಶ್ನೆ ಸದಾಶಿವಯ್ಯನವರನ್ನು ಒಂದು ಹಗಲೂ ಒಂದು ರಾತ್ರಿಯೂ ಕಾಡಿತು. ಶನಿವಾರ ಬೆಳಗ್ಗೆ, ವಿಭೂತಿ ಗಟ್ಟಿ ಅಲ್ಲಿರಬಹುದೆಂಬ ಸಾತ್ವಿಕ ನೆಪದಿಂದ ಅವರು ಕೈ ಹಾಕಿಯೇಬಿಟ್ಟರು. ಹಳೆಯ ಸೀರೆಯ ತುಂಡಿನಲ್ಲಿ ಮಗುವನ್ನು ಸುತ್ತಿದಂತೆ ಸುತ್ತಿಟ್ಟಿದ್ದ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಕೈಗೊಡಲಿ. ಅದರ ಬಾಯಿಯನ್ನು ಸವರಿದ ಸದಾಶಿವಯ್ಯನವರಿಗೆ ದುಃಖ ಉಮ್ಮಳಿಸಿತು. ಬಾಯಿಯೆಂಬುದೇ ಇರಲಿಲ್ಲ, ಹೆಬ್ಬೆರಳಿನಷ್ಟು ದಪ್ಪ, ಹೆಬ್ಬೆರಳಿನಷ್ಟೇ ಮೊಂಡು. ಬೆಣ್ಣೆಯೂ ಅದಕ್ಕೆ ಹೆದರುವಂತಿರಲಿಲ್ಲ.

ಅವರಿಗೆ ಎಲ್ಲವೂ ಅರ್ಥವಾಯಿತು. ಕೈ ಹಿಡಿದ ಗಂಡ ಊರೂರು ಸುತ್ತಿ ಪ್ರವಚನ ಮಾಡುತ್ತಿರುವಾಗ ಈ ಸಾಧ್ವಿ ಇಷ್ಟು ವರ್ಷವೂ ಈ ಕಬ್ಬಿಣದ ತುಂಡಿನಿಂದ ಗುದ್ದಿ ಗುದ್ದಿ ಸಂಸಾರ ಸಾಗಿಸಿದಳು. ಗಂಡನ ಮನಸ್ಸು ನೋಯಬಾರದೆಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟಳು. ಒಂದು ದಿನವಾದರೂ ದೂರಿದಳೇ? ಇಲ್ಲ. ಸದಾಶಿವಯ್ಯನವರು ವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. ಆ ಒರೆಸಿದ ಕೈಯಲ್ಲೇ, ಆ ಕ್ಷಣದಲ್ಲೇ, ಮೇಲೆ ಹೇಳಿದ ಘೋಷಣೆ ಹೊರಬಿತ್ತು.

ಘೋಷಣೆಗೆ ತಕ್ಕ ಸಲಕರಣೆಯೂ ಮನೆಯಲ್ಲಿತ್ತು. ಅಂಗಡಿಯಿಂದ ನಿವೃತ್ತರಾದಾಗ ಅಳಿಯನು ಭಕ್ತಿಯಿಂದ ಒಂದು ಕರೆಂಟಿನ ಸಾಣೆ ಯಂತ್ರವನ್ನು ಕಾಣಿಕೆಯಾಗಿ ಕೊಟ್ಟಿದ್ದನು. ಕೊಟ್ಟಿಗೆಯ ಒಂದು ಮಗ್ಗುಲನ್ನು ಗುಡಿಸಿ, ಗೋಡೆಗೆ ಸುಣ್ಣ ಬಳಿದು, ಬಾಗಿಲ ಮೇಲೆ ‘ಕಾಯಕ ಮಂದಿರ’ ಎಂದು ಬರೆಸಿ, ಸದಾಶಿವಯ್ಯನವರು ಅಲ್ಲಿ ಯಂತ್ರವನ್ನು ಪ್ರತಿಷ್ಠಾಪಿಸಿದ್ದರು. ಆ ಮಂದಿರದಿಂದ ಇದುವರೆಗೆ ಲೋಕಕ್ಕೆ ದೊರೆತದ್ದು, ಗೋಡೆಗೆ ಒರಗಿಸಿದರೆ ಮಾತ್ರ ನಿಲ್ಲುವ ಒಂದು ಮಣೆ ಮತ್ತು ಒಳಗೆ ಹಾಕಿದ್ದನ್ನು ಹಿಂದಕ್ಕೆ ಕೊಡದ ಒಂದು ಕಾಣಿಕೆ ಡಬ್ಬಿ.

ಬರೀ ಹರಿತ ಮಾಡಿದರೆ ಸಾಲದು, ರೂಪವನ್ನೂ ತಿದ್ದಬೇಕೆಂದು ಅವರು ನಿಶ್ಚಯಿಸಿದರು. ಮೊಬೈಲಿನಲ್ಲಿ ಒಬ್ಬ ಗಡ್ಡದವನು ಕೊಡಲಿಗೆ ಸಾಣೆ ಕೊಟ್ಟು, ಅದರಿಂದಲೇ ತನ್ನ ಮುಂಗೈ ಕೂದಲು ಬೋಳಿಸಿಕೊಂಡು ನಗುವುದನ್ನು ನೋಡಿದ ಮೇಲೆ ಅವರ ಉತ್ಸಾಹಕ್ಕೆ ಮೇರೆಯೇ ಉಳಿಯಲಿಲ್ಲ. ಆದರೆ ಗಡ್ಡದವನ ಕೊಡಲಿಯ ಬಾಯಿ ನೇರವಾಗಿತ್ತು. ಶಿವಭಕ್ತನ ಮನೆಯ ಕೊಡಲಿಗೆ ಅದು ಒಪ್ಪುವುದೇ? ಸದಾಶಿವಯ್ಯನವರು ಸೀಮೆಸುಣ್ಣದಿಂದ ಅಲಗಿನ ಮೇಲೆ ಒಂದು ಅರ್ಧಚಂದ್ರವನ್ನು ಬರೆದರು. ಎರಡೂ ತುದಿಗಳಲ್ಲಿ ಕೋಡು, ನಡುವೆ ಬಾಗು.

"ಸಾಕ್ಷಾತ್ ಶಿವನ ಜಟೆಯ ಚಂದ್ರ" ಎಂದರು.

"ಹೌದೌದು" ಎಂದನು ತೋಂಟದಾರ್ಯ.

ಯಂತ್ರ ಓಂಕಾರಗೈಯುತ್ತ ತಿರುಗಿತು. ಕಿಡಿಗಳು ಕಾರ್ತಿಕದ ದೀಪೋತ್ಸವದಂತೆ ಹಾರಿದವು. ಹಸು ಗೂಟ ಕಿತ್ತುಕೊಂಡು ತೋಟಕ್ಕೆ ಓಡಿತು. ಒಂದು ಕಿಡಿ ತೋಂಟದಾರ್ಯನ ಪಂಚೆಯ ಮೇಲೆ ಕುಳಿತು, ನಿಧಾನವಾಗಿ ಒಳಗೆ ಹೋಗುವ ದಾರಿ ಮಾಡಿಕೊಂಡಿತು. ಅವನು ವ್ರತಕ್ಕೆ ಭಂಗ ಬಾರದಂತೆ ‘ಹೌದೌದು’ ಎನ್ನುತ್ತಲೇ ಕುಣಿದನು. ಚಂದ್ರನ ಎಡಗೋಡು ಮೇಲಾಯಿತೆಂದು ಎಡಕ್ಕೆ ತೀಡಿದರು. ಆಗ ಬಲಗೋಡು ಮೇಲಾಯಿತು. ಬಲಕ್ಕೆ ತೀಡಿದರು. ಚಂದ್ರನು ಸಪ್ತಮಿಯಿಂದ ಷಷ್ಠಿಗೆ, ಷಷ್ಠಿಯಿಂದ ಪಂಚಮಿಗೆ ಇಳಿಯತೊಡಗಿದಾಗ, ಪುಣ್ಯಕ್ಕೆ, ಎರಡು ಕೋಡುಗಳೂ ಸಮನಾದವು. ಅಲಗನ್ನು ನೀರಿಗೆ ಅದ್ದಬೇಕೆಂದು ಗಡ್ಡದವನು ನಡುನಡುವೆ ಹೇಳುತ್ತಿದ್ದದ್ದು ನಿಜ. ಆದರೆ ಹಿತ್ತಿಲ ಬಾವಿಯವರೆಗೆ ಯಾರು ಹೋಗುವುದು? ಸದಾಶಿವಯ್ಯನವರು ಕೊಡಲಿಯನ್ನು ಕಲ್ಲಿಗೆ ಒತ್ತಿ ಹಿಡಿದು ಪಂಚಾಕ್ಷರಿ ಜಪಿಸುತ್ತ ನಿಂತರು.

ಆಗ ಆ ಅದ್ಭುತ ನಡೆಯಿತು. ಬೆಳ್ಳಗೆ ಹೊಳೆಯುತ್ತಿದ್ದ ಅಂಚಿನ ಮೇಲೆ ಮೊದಲು ಹೊಂಬಣ್ಣ ಹರಿಯಿತು, ಅದು ನೇರಳೆಯಾಯಿತು, ನೋಡುನೋಡುತ್ತಿದ್ದಂತೆ ಅರ್ಧಚಂದ್ರದ ಅಂಚು ಪೂರ್ತಿ ನವಿಲಿನ ಕತ್ತಿನಂತೆ ಕಡುನೀಲಿಗೆ ತಿರುಗಿತು.

ಸದಾಶಿವಯ್ಯನವರು ಯಂತ್ರ ನಿಲ್ಲಿಸಿದರು.

"ತೋಂಟದಾರ್ಯ, ಏನು ಕಾಣುತ್ತಿದೆ?"

"ನೀಲಿ ಕಣಣ್ಣ."

"ನೀಲಿಯಲ್ಲ. ನೀಲಕಂಠ."

ತೋಂಟದಾರ್ಯನ ಬಾಯಿಂದ ಹೌದೌದು ಸಹ ಹೊರಡಲಿಲ್ಲ; ಅವನು ನೇರವಾಗಿ ನೆಲದ ಮೇಲೆ ಉದ್ದಂಡ ಬಿದ್ದನು. ಸದಾಶಿವಯ್ಯನವರು ಅಲ್ಲಿಯೇ, ಮಿಂಚುವ ಕಬ್ಬಿಣದ ಪುಡಿಯ ನಡುವೆ ನಿಂತು, ಹಾಲಾಹಲವನ್ನು ಕುಡಿದ ಮಹಾದೇವನ ಕಥೆಯನ್ನು ಅವನೊಬ್ಬನಿಗಾಗಿಯೇ ಸವಿಸ್ತಾರವಾಗಿ ಹೇಳಿದರು. ಇಷ್ಟು ವರ್ಷ ಸಿದ್ದಗಂಗಮ್ಮ ನುಂಗಿದ ಕಷ್ಟವೆಲ್ಲ ಈ ಅಂಚಿನಲ್ಲಿ ನಿಂತು ನೀಲಿಯಾಗಿದೆಯೆಂದು ವ್ಯಾಖ್ಯಾನವನ್ನೂ ಮಾಡಿದರು. ಆಮೇಲೆ ಅಲಗಿಗೆ ತ್ರಿಪುಂಡ್ರ ಎಳೆದು, ಬಿಲ್ವಪತ್ರೆ ಏರಿಸಿ, ಆರತಿ ಬೆಳಗಿದರು. ಕಡೆಯದಾಗಿ ಪರೀಕ್ಷೆ. ಸದಾಶಿವಯ್ಯನವರ ಎಡ ಮುಂಗೈ ಕೂದಲು ಗಾಳಿಗೆ ಹಾರಿದಂತೆ ಹಾರಿಹೋಯಿತು. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ತೋಂಟದಾರ್ಯನು ಭಕ್ತಿಯಿಂದ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿದನು.

ಬೇಲಿಯಾಚೆ ಬಟ್ಟೆ ಹರವುತ್ತಿದ್ದ ನೆರೆಮನೆಯ ಮೀನಾಕ್ಷಮ್ಮ ಕಂಡದ್ದು ಇದು: ಊರಿನ ಪ್ರವಚನಕಾರರು ಕೊಡಲಿ ಹಿಡಿದು, ಮಂತ್ರ ಹೇಳುತ್ತ, ಪಂಚೆ ಸುಟ್ಟುಕೊಂಡ ಒಬ್ಬನ ಕೈ ಬೋಳಿಸುತ್ತಿದ್ದಾರೆ.

"ಸದಾಶಿವಣ್ಣ, ಕ್ಷೌರದಂಗಡಿ ಇಟ್ರಾ? ನಮ್ಮನೇರನ್ನೂ ಕಳಿಸ್ಲಾ?" ಎಂದು ಆಕೆ ಕೇಳಿದರು.

ಸದಾಶಿವಯ್ಯನವರು ಗಾಂಭೀರ್ಯದಿಂದ ಕೊಡಲಿಯನ್ನು ಸೀರೆಯ ತುಂಡಿನಲ್ಲಿ ಸುತ್ತಿ, ಗೂಡಿನಲ್ಲಿ ಮೊದಲಿನಂತೆಯೇ ಇಟ್ಟರು. ಕಾಣಿಕೆ ಸದ್ದಿಲ್ಲದೆ ಸಲ್ಲಬೇಕು, ಅದೇ ಅದರ ಸೊಗಸು ಎಂದು ಅವರ ಮತ.

ಭಾನುವಾರ ಸಂಜೆ ಸಿದ್ದಗಂಗಮ್ಮನವರು ಮರಳಿದರು. ಸೋಮವಾರ ಬೆಳಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಪಡಸಾಲೆಯಲ್ಲಿ ಚಾಪೆ ಹಾಸಿ, ಬುಟ್ಟಿಯನ್ನು ಎಳೆದುಕೊಂಡರು. ಹಾರ ಕಟ್ಟಲು ಮೀನಾಕ್ಷಮ್ಮ ದಾರ ದಬ್ಬಳ ಹಿಡಿದು ಬಂದು ಕುಳಿತರು. ಗುರುಗಳು ಸಂಜೆಗೆ ಬರುವವರು, ಸಮಯ ಬೇಕಾದಷ್ಟಿತ್ತು. ಸದಾಶಿವಯ್ಯನವರು ತೋಂಟದಾರ್ಯನೊಡನೆ ಬಾಗಿಲ ಬಳಿ ನಿಂತು, ಹೆಂಡತಿಯ ಮುಖ ಹೇಗೆ ಅರಳುವುದೆಂದು ನೋಡಲು ಕಾದರು. ಇಂದಿನ ಪ್ರವಚನಕ್ಕೂ ಅವರು ಹೊಸ ವಿಷಯ ಆರಿಸಿಕೊಂಡಿದ್ದರು: ಬುದ್ಧಿಗೆ ಸಾಣೆ ಹಿಡಿಯುವುದು ಹೇಗೆ.

ಸಿದ್ದಗಂಗಮ್ಮನವರು ಗಂಟು ಬಿಚ್ಚಿದರು. ಅಲಗನ್ನು ನೋಡಿದರು. ಗಂಡನ ಬೋಳು ಮುಂಗೈಯನ್ನು ನೋಡಿದರು. ತೋಂಟದಾರ್ಯನ ಬೋಳು ಮುಂಗೈಗಳನ್ನು ನೋಡಿದರು. ಮತ್ತೆ ಅಲಗನ್ನು ನೋಡಿದರು. ಮುಖ ಅರಳಲಿಲ್ಲ.

"ಏನ್ರೀ ಇದು?"

"ಅರ್ಧಚಂದ್ರ" ಎಂದರು ಸದಾಶಿವಯ್ಯ. "ನಿನ್ನ ಕಷ್ಟಕ್ಕೆ ಇಂದಿಗೆ ಕೊನೆ."

"ನಂಗ್ಯಾವ್ ಕಷ್ಟ ಇತ್ತು?"

"ಇಷ್ಟು ವರ್ಷ ಆ ಮೊಂಡು ಕೊಡಲಿಯಲ್ಲಿ..."

"ಅದು ಮೊಂಡಾಗ್ಲಿ ಅಂತ ನಮ್ಮವ್ವ ಜೀವಮಾನಪೂರ್ತಿ ಚಪ್ಪಡಿಗೆ ಉಜ್ಜಿದ್ಲು ಕಣ್ರೀ. ನಾನು ಮದುವೆಯಾಗಿ ಬರೋವಾಗ ‘ಈಗ ಹದಕ್ಕೆ ಬಂದೈತೆ, ಜ್ವಾಪಾನ’ ಅಂತ ಸೀರೆ ಹರಿದು ಸುತ್ತಿ ಕೊಟ್ಲು."

ಮೀನಾಕ್ಷಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ವಿವರಿಸಿದರು. ಕೊಬ್ಬರಿ ಒಡೆಯುವ ಕೊಡಲಿ ಕಡಿಯಬಾರದು, ಬಡಿಯಬೇಕು. ಸುತ್ತಲೂ ಬಡಿದರೆ ಕರಟ ಬಿರಿದು ಉದುರಿ, ಉಂಡೆ ಇಡಿಯಾಗಿ ಆಚೆಗೆ ಬರುತ್ತದೆ. ಹರಿತವಾದದ್ದು ಕರಟವನ್ನೂ ಸೀಳಿ, ಉಂಡೆಯನ್ನೂ ಸೀಳಿಬಿಡುತ್ತದೆ. ಸೀಳಿದ್ದು ಚಟ್ನಿಗೆ ಸರಿ, ಗುರುಗಳ ಕೊರಳಿಗಲ್ಲ. ಕಡೆಗೆ ಆಕೆ ತಡೆಯಲಾರದೆ, "ಏಟು ಕರಟಕ್ಕೆ ಬೀಳ್ಬೇಕು, ಉಂಡೆಗೆ ಸುದ್ದೀನೇ ತಿಳೀಬಾರ್ದು. ಯಾರೋ ಮಠದಲ್ಲಿ ಹೇಳ್ತಿದ್ರಪ್ಪ" ಎಂದರು.

ಬೇರೆ ಕೊಡಲಿಯಿಂದ ಒಡೆಯೋಣವೇ ಎಂದು ಸದಾಶಿವಯ್ಯನವರು ಕ್ಷೀಣಸ್ವರದಲ್ಲಿ ಕೇಳಿದರು. ಹರಕೆ ಹೊತ್ತದ್ದು ಅವ್ವನ ಕೊಡಲಿಗೆ ಎಂದು ಸಿದ್ದಗಂಗಮ್ಮನವರು ಅವರತ್ತ ನೋಡದೆಯೇ ಹೇಳಿದರು. ಕೊಡಲಿಯ ಹಿಂಬದಿಯಿಂದ ಬಡಿದು ನೋಡಿದರು. ಉಂಡೆ ಒಳಗೇ ಜಜ್ಜಿಹೋಯಿತು. ತಮ್ಮ ಹಗುರ ಕೈಯಿಂದಲೇ, ಹೂವಿನ ಮೇಲೆ ಹೂವಿಟ್ಟಂತೆ, ನೀಲಿ ಅಂಚನ್ನು ಕರಟಕ್ಕೆ ತಾಕಿಸಿದರು. ‘ಕಚಕ್’ ಎಂದಿತು. ಕರಟವೂ ಎರಡಾಯಿತು, ಉಂಡೆಯೂ ಎರಡಾಯಿತು. ಕಂದಿಕೆರೆಯ ಚರಿತ್ರೆಯಲ್ಲಿ ಸಿದ್ದಗಂಗಮ್ಮನವರ ಕೈಯಲ್ಲಿ ಸೀಳಿದ ಮೊದಲ ಕೊಬ್ಬರಿ ಅದು. ಅವರು ಕೊಡಲಿಯನ್ನು ಚಾಪೆಯ ಮೇಲಿಟ್ಟು, ಮಾತಾಡದೆ ದೇವರ ಮನೆಗೆ ಹೋದರು.

ಅವರು ಬೈದಿದ್ದರೆ ಸದಾಶಿವಯ್ಯನವರು ಒಂದು ಪ್ರವಚನದಿಂದ ಉತ್ತರ ಕೊಡುತ್ತಿದ್ದರು. ಈ ಮೌನಕ್ಕೆ ಅವರಲ್ಲಿ ಪ್ರವಚನವಿರಲಿಲ್ಲ. ಒಳಗೆ ಹೆಂಡತಿ ಗುರುಗಳ ಪಟದ ಮುಂದೆ ಸುಮ್ಮನೆ ಕುಳಿತಿರುವುದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಮಗಳಿಗಾಗಿ ಹೊತ್ತ ಹರಕೆ, ಮುರಿದದ್ದು ತಾವು. ಆದರೆ ಬಹುಕಾಲ ವೇದಿಕೆಯ ಮೇಲೆ ನಿಂತ ಮನುಷ್ಯನಿಗೆ ಪಶ್ಚಾತ್ತಾಪವೂ ಆತ್ಮವಿಶ್ವಾಸದ ವೇಷದಲ್ಲೇ ಬರುತ್ತದೆ. ದೋಷ ಕೊಡಲಿಯದಲ್ಲ, ಕೈಯದು ಎಂದು ಅವರಿಗೆ ಹೊಳೆಯಿತು. ಮನಸ್ಸು ಏಕಾಗ್ರವಾಗಿ, ಜಪದ ಲಯಕ್ಕೆ ಕೈ ಆಡಿದರೆ, ಎಂತಹ ಹರಿತವಾದ ಅಲಗೂ ಕರಟದಲ್ಲೇ ನಿಂತೀತು. ಅವರು ಪಂಚೆ ಎತ್ತಿ ಕಟ್ಟಿ, ಜೀವನದಲ್ಲಿ ಮೊಟ್ಟಮೊದಲ ಬಾರಿಗೆ, ಕೊಬ್ಬರಿಯ ಮುಂದೆ ಕುಳಿತರು.

"ಬುಡಿ ಸದಾಶಿವಣ್ಣ, ಇರೋವೂ ಹಾಳಾಗ್ತಾವೆ" ಎಂದರು ಮೀನಾಕ್ಷಮ್ಮ.

ಅವರು ಕಣ್ಣು ಮುಚ್ಚಿ ‘ಓಂ’ ಎಂದು ಬೀಸಿದರು. ಕಚಕ್. ಉಂಡೆ ಎರಡು ಹೋಳು. ‘ನ’ ಎಂದು ಬೀಸಿದರು. ಕಚಕ್. ‘ಮಃ’ ಎಂದಾಗ ಚಂದ್ರನ ಒಂದು ಕೋಡು ಕಾಯಿಯೊಳಗೆ ನಾಟಿಕೊಂಡು, ಕೊಡಲಿ ಎತ್ತಿದರೆ ಕಾಯಿಯೂ ಜೊತೆಗೆ ಎದ್ದಿತು. ಅದನ್ನು ಬಿಡಿಸಲು ಕಂಬಕ್ಕೆ ಕುಟ್ಟಿದರು. ಕಾಯಿ ಬಿಡಿಸಿಕೊಂಡು ಹಾರಿ, ಹೌದೌದು ಎನ್ನಲು ಬಾಯಿ ತೆರೆದಿದ್ದ ತೋಂಟದಾರ್ಯನ ಹೊಟ್ಟೆಗೆ ಬಡಿದು, ಆ ಮಾತನ್ನು ಒಳಗೇ ಉಳಿಸಿತು. ಚಾಪೆಯ ಒಂದು ಬದಿಯಲ್ಲಿ ಹೋಳುಗಳ ಗುಡ್ಡೆ ಬೆಳೆಯಿತು. ಬುಟ್ಟಿ ಇಳಿಯಿತು. ಮೀನಾಕ್ಷಮ್ಮ ನಗುವುದನ್ನು ನಿಲ್ಲಿಸಿ ಗಾಬರಿಯಾದರು. ಸದಾಶಿವಯ್ಯನವರ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಮೂಗಿನ ತುದಿಗೆ ಬಂದು ನಿಂತಿತು. ಆದರೂ ಅವರು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ದೇವರ ಮನೆಯ ಕಡೆ ನೋಡಬೇಕಾಗುತ್ತಿತ್ತು.

ಬುಟ್ಟಿ ಅರ್ಧಕ್ಕೆ ಬಂದಿರಬೇಕು. ಒಂದು ಏಟಿಗೆ ‘ಕಚಕ್’ ಎನ್ನುವ ಬದಲು ‘ಕಟಕ್’ ಎಂದಿತು. ಉಂಡೆಯ ಮೇಲೆ ಆಳವಲ್ಲದ ಗಾಯ. ಮುಂದಿನದಕ್ಕೆ ಬರೀ ಒಂದು ಗೀರು. ಅದರ ಮುಂದಿನದಕ್ಕೆ ‘ಟಣ್’ ಎಂಬ ನಾದ ಬಂತು. ಕರಟ ಬಿರಿದು ಹೂವಿನ ದಳಗಳಂತೆ ಉದುರಿತು. ನಡುವಿನಿಂದ ನುಣ್ಣನೆಯ, ಇಡಿಯಾದ, ಗೀರಿಲ್ಲದ ಉಂಡೆಯೊಂದು ಉರುಳಿ ಅವರ ತೊಡೆಯ ಮೇಲೆ ಬಂದು ನಿಂತಿತು.

ಸದಾಶಿವಯ್ಯನವರು ಅದನ್ನು ಎರಡು ಕೈಗಳಿಂದ ಎತ್ತಿ ಹಿಡಿದರು. ಇನ್ನೊಂದನ್ನು ಬಡಿದರು. ಟಣ್. ಮತ್ತೊಂದು. ಟಣ್. ಅವರ ಕಣ್ಣಲ್ಲಿ ಆನಂದಬಾಷ್ಪ ಉಕ್ಕಿತು.

"ನೋಡಿದಿರಾ ಮೀನಾಕ್ಷಮ್ಮ, ಇದಕ್ಕೆ ಸಿದ್ಧಿ ಎನ್ನುತ್ತಾರೆ. ಕೈಗೆ ಜ್ಞಾನ ಬಂತು. ಇಷ್ಟು ಹರಿತವಾದ ಅಲಗು, ಆದರೂ ಉಂಡೆಯನ್ನು ಮುಟ್ಟುತ್ತಿಲ್ಲ."

"ಹೌದೌದು" ಎಂದು ತೋಂಟದಾರ್ಯನು ಹೊಟ್ಟೆ ಹಿಡಿದುಕೊಂಡೇ ಹೇಳಿದನು.

ದೇವರ ಮನೆಯ ಬಾಗಿಲು ತೆರೆಯಿತು. ‘ಟಣ್’ ಎಂಬ ಸದ್ದನ್ನು ಸಿದ್ದಗಂಗಮ್ಮನವರು ನಿದ್ದೆಯಲ್ಲೂ ಗುರುತಿಸಬಲ್ಲವರಾಗಿದ್ದರು. ಅವರು ಬಂದು ಗಂಡನ ಕೈಯಿಂದ ಕೊಡಲಿಯನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ನೀಲಕಂಠನ ನೀಲಿಯೆಲ್ಲ ಒಳಕ್ಕೆ ಸುರುಳಿ ಸುತ್ತಿ ಮುದುಡಿಕೊಂಡಿತ್ತು. ಶಿವನ ಜಟೆಯ ಚಂದ್ರನ ಎರಡು ಕೋಡುಗಳೂ ಬೈಸಿಕೊಂಡ ನಾಯಿಯ ಕಿವಿಗಳಂತೆ ಮಡಿಸಿ ಕುಳಿತಿದ್ದವು. ಕೊಡಲಿಗೆ ಬಾಯಿಯೆಂಬುದೇ ಇರಲಿಲ್ಲ. ಹೆಬ್ಬೆರಳಿನಷ್ಟು ದಪ್ಪ, ಹೆಬ್ಬೆರಳಿನಷ್ಟೇ ಮೊಂಡು.

"ಸಾಣೆ ಹಿಡಿಯೋವಾಗ ನೀರಿಗೆ ಅದ್ದಿದ್ರಾ?" ಎಂದು ಅವರು ಕೇಳಿದರು.

ಸದಾಶಿವಯ್ಯನವರು ಬಾವಿ ದೂರವಿತ್ತೆಂದು ಒಪ್ಪಿಕೊಂಡರು.

"ಕಬ್ಬಿಣ ನೀಲಿ ತಿರುಗೋವಷ್ಟು ಕಾದ್ರೆ ಅದರ ಗಟ್ಟಿತನ ಹೋಯ್ತು ಅಂತ. ತಗಡಿನಂಗೆ ಮಡಿಸ್ಕಂಡೈತೆ ನೋಡಿ." ಸಿದ್ದಗಂಗಮ್ಮನವರ ತುಟಿಯ ಕೊನೆಯಲ್ಲಿ, ಹುಳಿಯಾರಿನಿಂದ ಬಂದ ಮೇಲೆ ಮೊದಲ ಸಲ, ಏನೋ ಒಂದು ಅಲುಗಾಡಿತು. "ಹರಿತ ಮಾಡಿದ್ದು ತಪ್ಪು. ಆದ್ರೆ ಅದನ್ನೂ ನೆಟ್ಟಗೆ ಮಾಡ್ಲಿಲ್ವಲ್ಲ, ಅದರಿಂದ ನನ್ನ ಹರಕೆ ಉಳೀತು. ನೀವು ಕೆಲಸ ಕಲ್ತಿದ್ರೆ ಇವತ್ತು ನನ್ನ ಗತಿ ಏನಾಗ್ತಿತ್ತೋ. ಏಳಿ, ಆಚೆ ಕೂತ್ಕಳಿ."

ಉಳಿದ ಕಾಯಿಗಳನ್ನು ಅವರೇ ಒಡೆದರು. ಒಂದರ ಮೇಲೂ ಗೀರು ಬೀಳಲಿಲ್ಲ. ಹಾರ ಹೊಕ್ಕುಳವರೆಗೆ ಬರಬೇಕೆಂದು ಲೆಕ್ಕ ಹಾಕಿದ್ದದ್ದು ಎದೆಯ ಅರ್ಧಕ್ಕೇ ನಿಂತಿತು. ಅದೊಂದು ಕೊರಗು ಸಿದ್ದಗಂಗಮ್ಮನವರನ್ನು ಮಠದ ಬಾಗಿಲವರೆಗೂ ಕಾಡಿತು. ಆದರೆ ಕರುಣಾಳುವಾದ ಶಿವನು ಮುಂಚೆಯೇ ಯೋಚಿಸಿದ್ದನು. ಪಟದಲ್ಲಿ ಹಾಗೆ ಕಾಣದಿದ್ದರೂ, ಗುರುಗಳು ಕುಳ್ಳಗಿದ್ದರು. ಹಾರ ಅವರಿಗೆ ಅಳತೆ ತೆಗೆದು ಕಟ್ಟಿಸಿದಂತೆ ಹೊಕ್ಕುಳಿಗೇ ಬಂದು ನಿಂತಿತು. ಅವರು ಒಂದೊಂದು ಉಂಡೆಯನ್ನೂ ಸವರಿ ನೋಡಿ, ಇಂತಹ ಕೊಬ್ಬರಿಯನ್ನು ತಾವು ಕಂಡಿಲ್ಲವೆಂದು ಹೇಳಿ, ಇಂಪನಾಳ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಸೀಳಿದ ಹೋಳುಗಳೂ ವ್ಯರ್ಥವಾಗಲಿಲ್ಲ. ಮೀನಾಕ್ಷಮ್ಮ ಅವನ್ನೆಲ್ಲ ಹೆಚ್ಚಿ, ಬೆಲ್ಲ ಬೆರೆಸಿ ತಂದು, ಪ್ರಸಾದವೆಂದು ಹಂಚಿದರು. ಪ್ರಸಾದ ಈ ಸಲ ಇಷ್ಟು ಧಾರಾಳವಾಗಿರಲು ಕಾರಣವೇನೆಂಬುದನ್ನೂ ಆಕೆ ಹಂಚುತ್ತಲೇ ಹೋದರು.

ಸದಾಶಿವಯ್ಯನವರು ವೇದಿಕೆಯ ಮೇಲೆ ನಿಂತಾಗ ಸಾಣೆಯ ವಿಷಯ ನಾಲಿಗೆಗೆ ಬರಲಿಲ್ಲ. ರೂಢಿಯ ಕೊಬ್ಬರಿ ಪ್ರವಚನಕ್ಕೇ ಶರಣಾದರು. ಎಲ್ಲವೂ ಸರಾಗವಾಗಿ ಸಾಗಿ, "ಆಮೇಲೆ ಏಟು ಬೀಳುವುದೆಲ್ಲ ಕರಟಕ್ಕೆ" ಎಂಬಲ್ಲಿಗೆ ಬಂದಾಗ ಹೆಂಗಸರ ಕಡೆಯಿಂದ ಒಂದು ಕಿಸಕ್ ಕೇಳಿತು. ಅದು ಸಾಲಿನಿಂದ ಸಾಲಿಗೆ ಹರಿಯಿತು. "ಉಂಡೆಗೆ ಅದರ ಸುದ್ದಿಯೇ" ಎಂದು ಅವರು ಮುಂದುವರಿಸುವಷ್ಟರಲ್ಲಿ ಮಠವೇ ನಗುತ್ತಿತ್ತು. ಕಾರಣವರಿಯದ ಗುರುಗಳೂ, ಭಕ್ತರ ಆನಂದ ಕಂಡು, ಮನಸಾರೆ ನಕ್ಕರು. ಆ ದಿನ ಯಾರೂ ಕಣ್ಣೊರೆಸಿಕೊಳ್ಳಲಿಲ್ಲವೆಂದಲ್ಲ. ಒರೆಸಿಕೊಂಡ ಕಾರಣ ಬೇರೆಯಾಗಿತ್ತು.

ಮರುದಿನ ಬೆಳಗ್ಗೆ ಸದಾಶಿವಯ್ಯನವರು ಕಾಯಕ ಮಂದಿರಕ್ಕೆ ಹೋಗಿ, ಸಾಣೆ ಯಂತ್ರಕ್ಕೆ ಗೋಣಿಚೀಲ ಹೊದಿಸಿ, ಇನ್ನು ಈ ಜನ್ಮದಲ್ಲಿ ಇದನ್ನು ಮುಟ್ಟೆನೆಂದು ಹಸುವನ್ನೂ ತೋಂಟದಾರ್ಯನನ್ನೂ ಸಾಕ್ಷಿಯಾಗಿಟ್ಟು ಪ್ರತಿಜ್ಞೆ ಮಾಡಿದರು. ಹಸು ಸಮಾಧಾನದಿಂದ ಮಲಗಿತು. ಆಗ ಅಂಗಳದಲ್ಲಿ ಬಳೆಗಳ ಸದ್ದಾಯಿತು. ಮುಂದೆ ಮೀನಾಕ್ಷಮ್ಮ, ಹಿಂದೆ ಕೇರಿಯ ಹೆಂಗಸರ ಸ್ವಲ್ಪ ದೊಡ್ಡದೇ ಎನ್ನಬಹುದಾದ ಒಂದು ಗುಂಪು. ಎಲ್ಲರ ಕೈಯಲ್ಲೂ ಹೊಸ ಹೊಳೆಯುವ ಕೈಗೊಡಲಿ.

"ಸಂತೇಲಿ ತಂದಿದ್ದು ಸದಾಶಿವಣ್ಣ, ಭಾರಿ ಹರಿತ" ಎಂದರು ಮೀನಾಕ್ಷಮ್ಮ. "ಚಪ್ಪಡಿಗೆ ಉಜ್ಜಿ ಮೊಂಡು ಮಾಡೋಕೆ ನಮಗೆ ಒಂದು ಜನ್ಮ ಬೇಕು. ನೀವು ಒಂದೇ ಬೆಳಗ್ಗೆಗೆ ಮಾಡ್ತೀರಿ. ನಿಮ್ಮಂಥೋರು ಈ ಸೀಮೇಲಿಲ್ಲ. ನೀಲಿ ಬರೋಗಂಟ ಹಿಡೀರಿ."

ಸದಾಶಿವಯ್ಯನವರು ತಮ್ಮ ಪ್ರತಿಜ್ಞೆಯ ಕಡೆ ನೋಡಿದರು. ಅಡುಗೆಮನೆಯಿಂದ ಸಿದ್ದಗಂಗಮ್ಮನವರ ದನಿ ಕೇಳಿತು: "ಮಾಡ್ಕೊಡ್ರೀ. ಎಲ್ಲಾರ್ಗೂ ಒಂದೊಂದು ವಿದ್ಯೆ ಇರ್ತದೆ. ನಿಮಗೆ ಇದು."

ಅವರು ನಿಟ್ಟುಸಿರಿಟ್ಟು ಗೋಣಿಚೀಲವನ್ನು ತೆಗೆದರು. ಹಸು ಎದ್ದು ಗೂಟವನ್ನು ಜಗ್ಗತೊಡಗಿತು. ಮೊದಲ ಕೊಡಲಿಯನ್ನು ಕೈಗೆ ತೆಗೆದುಕೊಂಡಾಗ, ಕಲಾವಿದನ ಹೃದಯ ಇನ್ನೂ ಪೂರ್ತಿ ಸತ್ತಿರಲಿಲ್ಲವಾದ್ದರಿಂದ, ಅವರು ಮೆಲ್ಲನೆ ಕೇಳಿದರು: "ಅಂಚಿಗೆ ಅರ್ಧಚಂದ್ರ ಬೇಕೇನಮ್ಮ?"

"ಚಂದ್ರ ಗಿಂದ್ರ ಏನೂ ಬ್ಯಾಡಿ" ಎಂದರು ಮೀನಾಕ್ಷಮ್ಮ. "ಅಮಾಸೆ ಮಾಡ್ಕೊಡಿ ಸಾಕು."

"ಹೌದೌದು" ಎಂದನು ತೋಂಟದಾರ್ಯ.